ಅಕ್ಕಿಕಾಳಿನಷ್ಟು ಅಗಲ

ಪಾಠಶಾಲೆ ನಡೆಸುತ್ತಿದ್ದ ಶಿಷ್ಯನೊಬ್ಬ ಗುರುಗಳಲ್ಲಿಗೆ ಬಂದು ಕೇಳಿದ: "ಗುರುಗಳೇ, ನನ್ನ ಸಹಪಾಠಿ ನಮ್ಮೂರಿಗೇ ಬಂದು ಇನ್ನೊಂದು ಪಾಠಶಾಲೆ ತೆರೆದಿದ್ದಾನೆ. ನನ್ನ ವಿದ್ಯಾರ್ಥಿಗಳು ಬೆಳಿಗ್ಗೆ ನನ್ನಲ್ಲಿ ಕಲಿತು ಸಂಜೆ ಅವನಲ್ಲಿಗೆ ಹೋಗುತ್ತಾರೆ. ಅಲ್ಲಿಗೆ ಹೋದವರು ಇಲ್ಲಿಗೆ ಬರಕೂಡದೆಂದು ನಿಯಮ ಮಾಡಲೇ?"

ಗುರುಗಳು ಕುಳಿತುಕೊಳ್ಳುವಂತೆ ಸನ್ನೆ ಮಾಡಿ ಹೇಳತೊಡಗಿದರು.

ಒಂದು ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಆಟದ ರೈಲು ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಕೀಲಿ ಕೊಟ್ಟರೆ ಹಳಿಯ ಮೇಲೆ ಓಡುವ ತಗಡಿನ ರೈಲು. ಒಮ್ಮೆ ಹಳಿ ಕೊಂಡ ಮನೆಯವರು ವರ್ಷಕ್ಕೊಂದು ಬೋಗಿ ಕೊಂಡು ರೈಲನ್ನು ಉದ್ದ ಮಾಡುತ್ತಿದ್ದರು. ಕಂಪನಿ ಬದುಕಿದ್ದೇ ಹಾಗೆ.

ಮಾತಿಗೆ ಮಾತು ಬೆಳೆದು ಇಬ್ಬರೂ ಪಾಲಾದರು. ತಮ್ಮನು ರಸ್ತೆಯ ಎದುರು ಬದಿಯಲ್ಲೇ ಬೇರೆ ಕಾರ್ಖಾನೆ ಕಟ್ಟಿದ. ಎರಡು ಕಡೆಯ ರೈಲುಗಳೂ ಹಳೆಯ ಅಳತೆಯವೇ. ಹಾಗಾಗಿ ಜನ ಇವನ ಎಂಜಿನ್ನಿಗೆ ಅವನ ಬೋಗಿ ಸಿಕ್ಕಿಸಿ ಓಡಿಸುತ್ತಿದ್ದರು. ತಮ್ಮ ಅದನ್ನು ಒಮ್ಮೆ ನೆಂಟರ ಮನೆಯಲ್ಲಿ ಕಣ್ಣಾರೆ ಕಂಡ. ತನ್ನ ಎಂಜಿನ್ನು ಅಣ್ಣನ ಬೋಗಿಗಳನ್ನು ಎಳೆಯುತ್ತಿತ್ತು. ಅಂದು ಅವನಿಗೆ ಊಟ ಸೇರಲಿಲ್ಲ.

ಮರುದಿನ ಮೇಸ್ತ್ರಿಯನ್ನು ಕರೆದು, ಗಾಲಿಗಳನ್ನೂ ಹಳಿಯನ್ನೂ ಅಗಲ ಮಾಡಲು ಹೇಳಿದ.

"ಎಷ್ಟು ಅಗಲ, ಯಜಮಾನರೇ?"

"ಅವನ ಹಳಿಯ ಮೇಲೆ ನಿಲ್ಲಬಾರದು. ಅಷ್ಟು."

"ಅದಕ್ಕೆ ಒಂದು ಅಕ್ಕಿಕಾಳಿನಷ್ಟು ಸಾಕು," ಎಂದ ಮೇಸ್ತ್ರಿ. "ನಿಮ್ಮ ಸಿಟ್ಟಿಗೆ ಸಾಲದಿದ್ದರೆ ಹೇಳಿ, ಎರಡು ಮಾಡೋಣ."

ಮೊದಲ ವರ್ಷ ತಮ್ಮ ಅಂದುಕೊಂಡಂತೆಯೇ ನಡೆಯಿತು. ಅವನ ಎಂಜಿನ್ನು ಕೊಂಡವರು ಹಳಿಯನ್ನೂ ಬೋಗಿಯನ್ನೂ ಅವನಿಂದಲೇ ಕೊಳ್ಳಬೇಕಾಯಿತು. ಅಣ್ಣನ ಬಾಗಿಲಿಗೆ ಬರುವ ಗಾಡಿಗಳು ಕಡಿಮೆಯಾದದ್ದನ್ನು ಅವನು ಕಿಟಕಿಯಿಂದ ನೋಡುತ್ತಿದ್ದ.

ಆಮೇಲೆ ಅಂಗಡಿಗಳಲ್ಲಿ ಜಗಳ ಶುರುವಾಯಿತು. ಪೆಟ್ಟಿಗೆಗಳು ನೋಡಲು ಒಂದೇ ತರಹ. ಮನೆಗೆ ಒಯ್ದು ಹಳಿಯ ಮೇಲಿಟ್ಟರೆ ರೈಲು ಬೀಳುತ್ತಿತ್ತು. ಜನ ಹಿಂದಕ್ಕೆ ತಂದು ಅಂಗಡಿಯವನನ್ನು ಬಯ್ಯುತ್ತಿದ್ದರು. ಅಳತೆ ಬದಲಿಸುವ ಮೊದಲು ತಮ್ಮನನ್ನೇ ನಂಬಿ ಕೊಂಡವರ ಹಳಿಗೂ ಅವನ ಹೊಸ ರೈಲು ಕೂರಲಿಲ್ಲ. ಅಂಗಡಿಯವರು ಬೇಸತ್ತರು. ಎರಡೂ ಕಂಪನಿಯ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿ, ಆ ಜಾಗದಲ್ಲಿ ರಬ್ಬರ್ ಚೆಂಡುಗಳನ್ನಿಟ್ಟರು. ಚೆಂಡಿಗೆ ಅಳತೆಯ ತಕರಾರಿಲ್ಲ.

ಅಣ್ಣ ಏನನ್ನೂ ಬದಲಿಸಿರಲಿಲ್ಲ. ಆದರೂ ಅವನ ಕಾರ್ಖಾನೆಯೇ ಮೊದಲು ಮುಚ್ಚಿತು. ಬೀಗ ಹಾಕುವುದನ್ನು ತಮ್ಮ ತನ್ನ ಗೇಟಿನಲ್ಲಿ ನಿಂತು ನೋಡಿದ. ಇನ್ನು ಎಲ್ಲರೂ ತನ್ನಲ್ಲಿಗೇ ಬರುತ್ತಾರೆಂದು ಕಾದ. ಯಾರೂ ಬರಲಿಲ್ಲ. ಕೊನೆಗೆ ಹಳೆಯ ಅಳತೆಗೇ ರೈಲು ಮಾಡಿಸಿ, ತಾನೇ ಹೊತ್ತುಕೊಂಡು ಪೇಟೆಯ ದೊಡ್ಡ ಅಂಗಡಿಗೆ ಹೋದ.

"ಈಗ ಅಣ್ಣನ ಹಳಿಯ ಮೇಲೂ ಓಡುತ್ತದೆ," ಎಂದ.

ಅಂಗಡಿಯವನು ಪೆಟ್ಟಿಗೆ ತೆರೆಯಲಿಲ್ಲ. "ಓಡುತ್ತದೆ, ಯಜಮಾನರೇ. ಜನ ಆ ಹಳಿಗಳನ್ನು ಗುಜರಿಗೆ ಹಾಕಿ ವರ್ಷವಾಯಿತು," ಎಂದ.

ತಮ್ಮ ಪೆಟ್ಟಿಗೆಗಳನ್ನು ಹೊತ್ತು ಮರಳಿದ. ಆ ಬೇಸಿಗೆಯಲ್ಲಿ ಅವನ ಕಾರ್ಖಾನೆಗೂ ಬೀಗ ಬಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಆ ನಿಯಮ?" ಎಂದ.

"ಮಾಡಯ್ಯ. ಅವನ ಪಾಠಕ್ಕೂ ಯಾರೂ ಹೋಗುವುದಿಲ್ಲ."