ಕೊಂಬು ಬಿಟ್ಟ ಅಕ್ಷರ

ಹೊಳೆಯ ದಂಡೆಯ ಮಠದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಕಂಪ್ಯೂಟರಿಗೆ ಭಾಷೆ ಕಲಿಸುವ ವಿದ್ಯೆ ಅವರದು. ತೋಂಟೇಶ ಅವರ ಶಿಷ್ಯ.

ಕನ್ನಡದಲ್ಲಿ ಬರೆದ ಆಜ್ಞೆಗಳನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಒಂದನ್ನು ಅವನು ಕಟ್ಟಿದ. ಮೇಲಿನ ಅಣೆಕಟ್ಟಿನವರು ಗೇಟು ನಡೆಸಲು ಅದನ್ನೇ ಹಾಕಿಕೊಂಡರು.

"ಅದು ಹೇಗೆ ಓದುತ್ತದೆ?" ಎಂದು ಗುರುಗಳು ಅಂದೇ ಕೇಳಿದ್ದರು.

"ಅಕ್ಷರ ಕೂಡಿಸಿ ಪದ ಮಾಡುತ್ತದೆ. ಪದ ಕೂಡಿಸಿ ಅರ್ಥ ಮಾಡುತ್ತದೆ. ಒಂದು ಸಾಲು ಅರ್ಥವಾದ ಕೂಡಲೇ ಅದರಂತೆ ಮಾಡಿ ಮುಗಿಸುತ್ತದೆ. ಆಮೇಲೆ ಮುಂದಿನ ಸಾಲು."

"ಮುಂದಿನ ಸಾಲಲ್ಲಿ ಏನಿದೆ ಅಂತ ಅದಕ್ಕೆ ಗೊತ್ತೇ?"

"ಅಲ್ಲಿಗೆ ಹೋಗುವ ತನಕ ಗೊತ್ತಿಲ್ಲ."

ಗುರುಗಳು ಸುಮ್ಮನಾದರು. ತೋಂಟೇಶ ಅದನ್ನು ಮೆಚ್ಚುಗೆ ಅಂದುಕೊಂಡ.

ಗೇಟಿಗಾಗಿ ಅವನು ಬರೆದದ್ದು ಎರಡೇ ಸಾಲು: ಗೇಟು ತೆರೆ. ಸೈರನ್ ಊದು. ಬರೆಯುವ ಅವಸರದಲ್ಲಿ ಕೊಂಬು ಬಿಟ್ಟುಹೋಗಿ "ಊದು" ಎಂಬುದು "ಊದ" ಎಂದಾಯಿತು.

ಇಂಟರ್‌ಪ್ರಿಟರ್ ಮೊದಲ ಸಾಲು ಓದಿತು. ಗೇಟು ತೆರೆಯಿತು. ಎರಡನೆಯದನ್ನು ಓದಿತು. ಊದ ಅಂದರೆ ಏನೆಂದು ಅದಕ್ಕೆ ತಿಳಿಯಲಿಲ್ಲ. ತಪ್ಪಿದೆ ಎಂದು ತೋರಿಸಿ ಅಲ್ಲೇ ನಿಂತಿತು.

ನೀರು ನಿಲ್ಲಲಿಲ್ಲ.

ಕೆಳಗೆ ಹೊಳೆಯ ನಡುವಿನ ಬಂಡೆಯ ಮೇಲೆ ಅಂಬಿಗರ ಹುಲಿಗೆವ್ವ ಬಟ್ಟೆ ಒಗೆಯುತ್ತಿದ್ದಳು. ತೋಂಟೇಶನನ್ನು ಎಷ್ಟೋ ಸಲ ಹರಿಗೋಲಿನಲ್ಲಿ ದಾಟಿಸಿದವಳು. ಹೆಣ ಸಿಕ್ಕಿದ್ದು ಮರುದಿನ, ಜಾಲಿಕಂಟಿಯಲ್ಲಿ.

ಅವಳನ್ನು ಹೂಳುವಾಗ ತೋಂಟೇಶ ಮಣ್ಣಿಗೂ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಇಂಟರ್‌ಪ್ರಿಟರ್ ತಿದ್ದುತ್ತ ಕೂತ. ತಿದ್ದಿ ಮುಗಿದ ಮೇಲೆ ಗುರುಗಳ ಮುಂದೆ ಬಂದು ನಿಂತ.

"ಮಣ್ಣಿಗೆ ಬರಲಿಲ್ಲ ನೀನು," ಎಂದರು ಗುರುಗಳು.

"ಯಾವ ಮುಖ ಹೊತ್ತು ಬರಲಿ?"

"ಹುಲಿಗೆವ್ವನ ಮಗಳು ಕೇಳಿದಳು. ಸೈರನ್ ಊದಿದ್ದರೆ ಅವ್ವ ದಡ ಸೇರುತ್ತಿದ್ದಳೇ ಅಂತ."

ತೋಂಟೇಶನ ಕಣ್ಣು ತುಂಬಿತು. "ಸೇರುತ್ತಿದ್ದಳು. ಒಂದು ಕೊಂಬು, ಗುರುಗಳೇ. ಒಂದೇ ಒಂದು ಕೊಂಬು."

ಅವನು ಕಣ್ಣೊರೆಸಿಕೊಂಡ.

"ಈಗ ತಿದ್ದಿದ್ದೇನೆ," ಎಂದ. "ಎಲ್ಲ ಸಾಲನ್ನೂ ಅದು ಮೊದಲೇ ಕೊನೆಯ ತನಕ ಓದುತ್ತದೆ. ಎಲ್ಲಾದರೂ ಒಂದು ಅಕ್ಷರ ತಪ್ಪಿದ್ದರೂ ಗೇಟು ಮುಟ್ಟುವುದಿಲ್ಲ."

"ನಿನ್ನ ಸಾಲುಗಳು?"

"ಕೊಂಬು ಹಾಕಿದೆ. ಮತ್ತೇನನ್ನೂ ಮುಟ್ಟಿಲ್ಲ."

"ಓದಿ ನೋಡಿತೇ?"

"ನೋಡಿತು. ಒಂದು ತಪ್ಪೂ ಇಲ್ಲ ಅಂದಿತು."

ಅಡವಯ್ಯ ಎದ್ದರು. ಅವನ ರಟ್ಟೆ ಹಿಡಿದು ಹೊಳೆಗೆ ಕರೆದೊಯ್ದರು. ನೀರು ಇಳಿದಿತ್ತು. ಹುಲಿಗೆವ್ವ ಒಗೆಯುತ್ತಿದ್ದ ಬಂಡೆಗೆ ಕೆಸರು ಮೆತ್ತಿತ್ತು. ಅದರ ಮೇಲೆ ಅವನನ್ನು ನಿಲ್ಲಿಸಿದರು.

"ಯಂತ್ರ ಓದಿದ್ದು ಸಾಕು. ಇಲ್ಲಿ ನಿಂತು ನೀನು ಓದು."

ತೋಂಟೇಶ ಅಣೆಕಟ್ಟಿನ ಕಡೆ ತಿರುಗಿದ.

"ಗೇಟು ತೆರೆ," ಎಂದ.

ಮುಂದಿನ ಸಾಲಿಗೆ ಬಾಯಿ ತೆರೆದ. ಗುರುಗಳು ಅಂಗೈಯಿಂದ ಅವನ ಬಾಯಿ ಮುಚ್ಚಿದರು.

"ನೀರು ಬಂತು," ಎಂದರು. "ಇನ್ನು ಸೈರನ್ ಯಾರಿಗೆ?"