ಸೆರಗಿಗೆ ಯಾವ ಮೊನೆ?

ಇನ್ನೂ ಸ್ವಲ್ಪ ಹತ್ತಿರ ಬನ್ನಿ, ದನಿ ಎತ್ತಿ ಹೇಳೋ ಸಂಗತಿಯಲ್ಲ ಇದು. ಈ ಮಾತು ನಿಮ್ಮ ಹೊಸಿಲು ದಾಟಬಾರದು. ಯಾರಾದರೂ ಕೇಳಿದರೆ ಹೊಳೆಗಾಳಿ ಹೇಳಿತು ಅನ್ನಿ.

ಹೊಳೆದಂಡೆಯಲ್ಲಿ ಕರಿಬಸಜ್ಜಯ್ಯನವರ ಕುಲುಮೆ ಇತ್ತು. ಬಾಣದ ಮೊನೆ ಮಾಡುವ ವಿದ್ಯೆಗೆ ಅವರೇ ಗುರು. ದ್ಯಾಮವ್ವ ಅವರ ಶಿಷ್ಯೆ. ಏಳು ವರ್ಷ ತಿದಿ ಒತ್ತಿದವಳು, ಇದ್ದಿಲ ಮಸಿ ಉಗುರಿನಿಂದ ಹೋಗದವಳು.

ಕುಲುಮೆಗೆ ಒಂದೇ ಕಟ್ಟಳೆ. ಏನನ್ನು ಹೊಡೆಯಬೇಕೋ ಅದರ ಒಂದು ತುಂಡು ತಂದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಡಬೇಕು. ಇಡದವರಿಗೆ ಮೊನೆ ಇಲ್ಲ, ಅರಸನೇ ಬಂದು ನಿಂತರೂ.

ಕಾಡುಹಂದಿಯ ತೊಗಲು ತಂದರೆ ವೀಳ್ಯದೆಲೆಯಷ್ಟು ಅಗಲದ ಮೊನೆ. ಸಿಪಾಯಿಗಳು ತೊಡುವ ಉಕ್ಕಿನ ಬಳೆಯಂಗಿಯಿಂದ ಒಂದು ಬಳೆ ತಂದರೆ ದಬ್ಬಳದಂಥ ಸಪೂರ ಮೊನೆ, ಸಂದಿಯಲ್ಲೇ ನುಗ್ಗುವಂಥದ್ದು. ಹಗ್ಗ ತಂದರೆ ಕುಡುಗೋಲಿನ ಹಾಗೆ ಬಾಗಿದ್ದು. ಗರಿ ತಂದರೆ ಬರೀ ಮರದ ಗುಂಡು. ಹಕ್ಕಿ ಬೀಳಬೇಕು, ಮಾಂಸ ಹರಿಯಬಾರದು ನೋಡಿ.

ಏಳು ವರ್ಷ ತುಂಬಿದ ದಿನ ಅಜ್ಜಯ್ಯ ಅಂದರು, "ಇವತ್ತು ಮೊನೆ ಮಾಡುವವಳೂ ನೀನೇ, ಗುರಿ ಆರಿಸುವವಳೂ ನೀನೇ. ತುಂಡು ತಾ."

ತರಲು ಹೋಗಬೇಕಾಗಿಯೇ ಇರಲಿಲ್ಲ. ದ್ಯಾಮವ್ವ ಸೊಂಟದಿಂದ ಕೆಂಪು ಬಟ್ಟೆಯ ತುಂಡೊಂದನ್ನು ತೆಗೆದಿಟ್ಟಳು.

"ಏನವ್ವಾ ಇದು?"

"ಶತ್ರುಗಳ ಬಾವುಟ, ಅಜ್ಜಯ್ಯ."

"ಬಾವುಟ ಕೆಡವೋಕೆ ಅದನ್ನು ಕಟ್ಟಿದ ಹಗ್ಗ ತರಬೇಕು. ಬಟ್ಟೆಗೆ ಹೊಡೆದರೆ ತೂತಾಗುತ್ತೆ, ಬಾವುಟ ಹಾರ್ತಾನೇ ಇರುತ್ತೆ. ಮೊದಲನೇ ವರ್ಷದ ಪಾಠ."

ದ್ಯಾಮವ್ವ ತುಂಡನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದಳು.

ಅಜ್ಜಯ್ಯ ತುಂಡನ್ನು ಮೂಗಿನ ಹತ್ತಿರ ಹಿಡಿದರು. "ಈ ಬಾವುಟ ಅರಿಶಿನ ಹಚ್ಚಿಕೊಂಡು ಸ್ನಾನ ಮಾಡುತ್ತೇನು?"

ಇನ್ನು ಮುಚ್ಚಿಡುವುದೇನು? "ಪಾರವ್ವಂದು," ಅಂದಳು.

ಪಾರವ್ವ ಯಾರು ಗೊತ್ತಲ್ಲ? ದ್ಯಾಮವ್ವನ ಪಕ್ಕದ ಮನೆಯವಳೇ. ನಡುವೆ ಒಂದು ಮುಳ್ಳುಬೇಲಿ, ಎರಡೂ ಮನೆಯ ಸೀರೆ ಒಣಗುವುದು ಅದರ ಮೇಲೇ. ದ್ಯಾಮವ್ವ ಕುಲುಮೆಯಲ್ಲಿ ಬೆವರು ಸುರಿಸುವ ಹೊತ್ತಿಗೆ ಅವಳ ಗಂಡ ಸಿದ್ಲಿಂಗ ಆ ಬೇಲಿ ಹಾರುತ್ತಿದ್ದ. ಊರಿಗೆಲ್ಲ ಗೊತ್ತಿತ್ತು. ಅವಳಿಗೆ ಕೊನೆಗೆ ಗೊತ್ತಾಯಿತು, ಅಷ್ಟೇ.

"ಸೆರಗು ಒಣಗುತ್ತಿತ್ತು, ಕತ್ತರಿಸಿಕೊಂಡೆ. ನಾಳೆ ಅವಳು ನೀರಿಗೆ ಬರೋ ಹೊತ್ತಿಗೆ ನನ್ನ ಮೊನೆ ಸಿದ್ಧವಾಗಬೇಕು. ಸೆರಗಿಗೆ ಯಾವ ಮೊನೆ, ಹೇಳಿ ಅಜ್ಜಯ್ಯ."

ಅಜ್ಜಯ್ಯ ಬೈಯಲಿಲ್ಲ. ಬುದ್ಧಿ ಹೇಳಲಿಲ್ಲ. ಒಡೆದ ಜರಡಿಯ ಬಳೆಗೆ ಆ ತುಂಡನ್ನು ಬಿಗಿದು, ದಂಡೆಯ ಬಿದಿರಿಗೆ ತೂಗುಹಾಕಿದರು. ಬಿಲ್ಲು ಕೊಟ್ಟರು.

"ಮೊದಲು ದಬ್ಬಳದ ಮೊನೆ ಬಿಡು."

ಬಿಟ್ಟಳು. ಬಟ್ಟೆ ಅಲುಗಲೂ ಇಲ್ಲ. ಬಾಣ ತೂರಿ ಹೊಳೆಗೆ ಬಿತ್ತು.

"ಹಂದಿಯ ಮೊನೆ."

ಅದೂ ತೂರಿತು.

"ಹಕ್ಕಿಯ ಗುಂಡು."

ಅಯ್ಯೋ, ಆ ಮೊಂಡು ಗುಂಡೂ ತೂರಿತು!

"ಮೂರೂ ನಟ್ಟನಡುವೆ!" ದ್ಯಾಮವ್ವನ ಮುಖ ಅರಳಿತ್ತು.

"ಹಾಗಾದರೆ ಯಾವುದು ಬೇಕು?"

"ಯಾವುದಾದರೂ ಆದೀತು."

"ಎದುರಿಗೆ ತಡೆ ಇದ್ದರೆ ಮೊನೆಗೊಂದು ಆಕಾರ ಬೇಕು. ತಡೆಯೇ ಇಲ್ಲದ್ದಕ್ಕೆ ಒಲೆಯ ಊದುಗೊಳವೆ ಸಾಕಿತ್ತು. ಏಳು ವರ್ಷ ನನ್ನ ಇದ್ದಿಲು ಯಾಕೆ ಸುಟ್ಟೆ?"

"ಅವಳಿಗೆ ತಡೆ ಇಲ್ಲವೇ? ಆ ಬಾಯಿ ನೋಡಿದ್ದೀರಾ ಅಜ್ಜಯ್ಯ, ಏಳು ಸುತ್ತಿನ ಕೋಟೆ!"

ಅಜ್ಜಯ್ಯ ನಕ್ಕರು. ಎದ್ದು ಸೂರಿನ ಗಳದ ಸಂದಿಗೆ ಕೈ ಹಾಕಿ ಇನ್ನೊಂದು ತುಂಡು ಎಳೆದರು. ಹಸಿರು, ಕಡ್ಡಿಗೆರೆಯದು. ಅಡಿಗಲ್ಲಿನ ಮೇಲಿಟ್ಟರು.

ದ್ಯಾಮವ್ವನ ಕೈ ತಾನಾಗಿ ತನ್ನ ಸೆರಗಿನ ತುದಿಗೆ ಹೋಯಿತು. ಹೋದ ಹುಣ್ಣಿಮೆಯ ಹೊತ್ತಿಗೆ ಅದು ಹರಿದಿತ್ತು. ಬೇಲಿಯ ಮುಳ್ಳು ಹರಿಯಿತು ಅಂದುಕೊಂಡು ಬೇಲಿಗೇ ಶಾಪ ಹಾಕಿದ್ದಳು.

"ಇದನ್ನು ಯಾರು ತಂದರು?"

"ನೀನು ಸಂತೆಗೆ ಹೋದ ದಿನ ಪಾರವ್ವ ತಂದಳು. ಬಾವುಟ ಅಂದಳು."

"ನನ್ನನ್ನ..." ದ್ಯಾಮವ್ವ ದನಿ ಏರಿಸಿದಳು. "ನನ್ನನ್ನ ಹೊಡೆಯೋಕೆ! ನೀವು ಅವಳಿಗೆ ಏನು ಮಾಡಿಕೊಟ್ಟಿರಿ?"

"ನಿನಗೆ ಮಾಡಿದ್ದನ್ನೇ. ಅದೇ ಜರಡಿ, ಅದೇ ಬಿದಿರು, ಅದೇ ಬಿಲ್ಲು."

ದ್ಯಾಮವ್ವ ಹಸಿರು ತುಂಡನ್ನು ಎತ್ತಿ ಬಿಸಿಲಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಬಿದಿರಿನ ಕಡೆ ನೋಡಿದಳು. ಕೆಂಪು ಬಟ್ಟೆಯ ಮೂರು ತೂತಿನಲ್ಲೂ ಹೊಳೆ ಕಾಣುತ್ತಿತ್ತು.

"ಇದರಲ್ಲಿ ತೂತೇ ಇಲ್ಲ," ಅಂದಳು. "ಗುರಿ ತಪ್ಪಿದಳಾ?"

ಅಜ್ಜಯ್ಯ ಅವಳ ಮುಖವನ್ನೇ ನೋಡಿ ಅಂದರು, "ಬಿಲ್ಲು ಎಳೆದಳು, ಬಿಡಲಿಲ್ಲ. 'ಇದು ಬರೀ ಬಟ್ಟೆ ಅಲ್ವಾ ಅಜ್ಜಯ್ಯ' ಅಂತ ಕೆಳಗಿಟ್ಟು ಹೋದಳು. ಅವಳಿಗೆ ನಾನು ಒಂದು ದಿನವೂ ಪಾಠ ಹೇಳಿರಲಿಲ್ಲ."