ನೇಕಾರನ ಕೆಮ್ಮು

ಹೊಳೆಯ ದಂಡೆಗೆ ಒಂದು ಮಠ. ಮಠದಲ್ಲಿ ಒಬ್ಬ ಅಜ್ಜ, ಒಬ್ಬ ಶಿಷ್ಯ. ಸಾಲದ್ದಕ್ಕೆ ಒಂದು ಕಂಪ್ಯೂಟರು.

ಅಜ್ಜನ ಹೆಸರು ಅಡವಯ್ಯ. ಸಂಜೆಯಾದರೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಬಂದವರು ಏನಾದರೂ ಕೇಳುತ್ತಿದ್ದರು, ಅಜ್ಜ ತೋಚಿದ್ದನ್ನು ಹೇಳುತ್ತಿದ್ದರು. ಭಕ್ತರೊಬ್ಬರು ರೆಕಾರ್ಡರ್ ತಂದುಕೊಟ್ಟ ಮೇಲೆ ಆ ಮಾತೆಲ್ಲ ಅದರೊಳಗೆ ಸೇರತೊಡಗಿತು.

ಶಿಷ್ಯನ ಹೆಸರು ಚನ್ನವೀರ. ಮುಂದೆ ಮಠಕ್ಕೆ ಇವನೇ ಎಂದು ಊರವರು ಆಗಲೇ ಅವನನ್ನು ಮರಿದೇವರು ಎನ್ನುತ್ತಿದ್ದರು.

ಒಂದು ಮಳೆಗಾಲ ಸಿಡಿಲು ಬಡಿದು ಕಂಪ್ಯೂಟರು ಸುಟ್ಟುಹೋಯಿತು. ಅಜ್ಜನ ಮಾತು ಒಂದಷ್ಟು ಅದರ ಜೊತೆಗೇ ಹೋಯಿತು. ಅಜ್ಜ ರೊಟ್ಟಿ ತಿಂದು ಮಲಗಿದರು. ಚನ್ನವೀರನಿಗೆ ಮಾತ್ರ ತುತ್ತು ಇಳಿಯಲಿಲ್ಲ. ಇನ್ನು ಮುಂದೆ ಒಂದು ಅಕ್ಷರವೂ ಕಳೆಯಬಾರದು ಎಂದು ಪಣ ತೊಟ್ಟ.

ಹೊಸ ಕಂಪ್ಯೂಟರು ಬಂತು. ಉಳಿದ ಧ್ವನಿಮುದ್ರಣಗಳನ್ನೆಲ್ಲ ಅವನು ಮೊದಲು ಸ್ವಚ್ಛ ಮಾಡಿದ. ಜನರ ಕೆಮ್ಮು, ನಗು ತೆಗೆದ. ಕೂಸಿನ ಅಳು, ಎಮ್ಮೆಯ ಗಂಟೆ ತೆಗೆದ. ಕೇಳುವವರು ಒಂದು ಮಾತನ್ನು ಹತ್ತು ಸಲ ಎಳೆಯುತ್ತಾರಲ್ಲ, ಅದನ್ನೂ ತೆಗೆದ. ನಡುನಡುವೆ ಯಾರೂ ಮಾತಾಡದ ಖಾಲಿ ಜಾಗ ಬರುತ್ತಿತ್ತು, ಅದನ್ನೂ ಕತ್ತರಿಸಿದ. ಕೊನೆಗೆ ಉಳಿದದ್ದು ಅಜ್ಜನ ಮಾತು ಒಂದೇ.

ಅದನ್ನು ಮೂರು ಕಡೆ ಇಟ್ಟ. ಒಂದು ಪ್ರತಿ ಮಠದಲ್ಲಿ, ಒಂದು ಪ್ರತಿ ಪೇಟೆಯ ಶಾಲೆಯ ಕಪಾಟಿನಲ್ಲಿ, ಇನ್ನೊಂದು ಇಂಟರ್ನೆಟ್ಟಿನ ದಾರಿಯಲ್ಲಿ ದೂರದ ಊರಿನ ಯಾವುದೋ ಯಂತ್ರದಲ್ಲಿ. ಆಮೇಲೆ ಅಜ್ಜನ ಒಂದೊಂದು ಮಾತನ್ನೂ ಕೂತು ಟೈಪ್ ಮಾಡಿ, ಹುಡುಕುವ ವ್ಯವಸ್ಥೆ ಕಟ್ಟಿದ. 'ಹಸಿವು' ಎಂದು ಹೊಡೆದರೆ ಅಜ್ಜ ಹಸಿವಿನ ಬಗ್ಗೆ ಎಲ್ಲೆಲ್ಲಿ ಮಾತಾಡಿದ್ದಾರೋ ಅಷ್ಟೂ ಸಾಲಾಗಿ ಬರುತ್ತಿತ್ತು. ಕತ್ತರಿಸದ ಮೊದಲಿನ ಮುದ್ರಣಗಳು ಸುಮ್ಮನೆ ಜಾಗ ತಿನ್ನುತ್ತವೆಂದು ಅಳಿಸಿಹಾಕಿದ.

ಎಲ್ಲ ಮುಗಿಸಿ ಅಜ್ಜನನ್ನು ಕರೆದ.

"ಕಾಳು ಇಟ್ಟು ಹೊಟ್ಟು ತೂರೇನ್ರಿ ಅಜ್ಜಾರ. ಇನ್ನ ಏನೂ ಕಳ್ಯಂಗಿಲ್ಲ."

"ಖರೇನ?"

"ಖರೇನ ರಿ."

"ಹಂಗಾದ್ರ ಇಲ್ಲಿದ್ದದ್ದು ಅಳಸು."

ಚನ್ನವೀರನ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು. ಅಜ್ಜ ಕಾದರು. ಅವನು ಕಣ್ಣು ಮುಚ್ಚಿ ಒತ್ತಿದ. ಮಠದ ಪ್ರತಿ ಅಳಿಸಿಹೋಯಿತು. ಶಾಲೆಯ ಪ್ರತಿ ತಂದು ತುಂಬಿದ. ಅಜ್ಜನ ಧ್ವನಿ ಮೊದಲಿನ ಹಾಗೇ ಖಣಖಣ ಬಂತು. ಅವನ ಎದೆ ಉಬ್ಬಿತು, ಉಬ್ಬಬೇಕಾದದ್ದೇ.

"ಛಲೋ ಆತು," ಅಂದರು ಅಜ್ಜ. "ಯಾರಿಗಂತ ಇಟ್ಟಿ ಇದನ್ನ?"

"ಎಲ್ಲಾರಿಗೂ ರಿ."

"ಎಲ್ಲಾರೂ ಬರೂದು ತಡ ಆಗತೈತಿ. ಮೊದ್ಲ ಒಬ್ಬರು ಬರಲಿ, ನೋಡೂಣು."

ಜೋಳದ ರಾಶಿ ಮುಗಿದ ಮೇಲೆ ಒಬ್ಬಳು ಬಂದಳು. ಹೆಸರು ನೀಲವ್ವ, ಹೊಳೆಯಾಚೆಯ ನೇಕಾರರ ಊರಿನವಳು. ಅಜ್ಜನಿಗೆ ಅಡ್ಡಬಿದ್ದು, ನೆಟ್ಟಗೆ ಕಂಪ್ಯೂಟರಿನ ಕೋಣೆಗೆ ಬಂದು ಕೂತಳು.

"ಮರಿದೇವ್ರ, ನಮ್ಮವರ ಧ್ವನಿ ನಿಮ್ಮ ಮಶೀನಿನ್ಯಾಗ ಐತಂತಲ್ರಿ?"

"ಯಾರಬೇ ಯವ್ವಾ, ನಿಮ್ಮವರು?"

"ಈರಪ್ಪ ಅಂತ್ರಿ. ಹ್ವಾದ ವರ್ಷ ತೀರಿಕೊಂಡ್ರು. ಮನ್ಯಾಗ ಫೋಟೋ ಐತ್ರಿ, ಖರೆ ಫೋಟೋ ಮಾತಾಡಂಗಿಲ್ಲಲ್ರಿ. ಇಲ್ಲಿ ಒಮ್ಮೆ ಅಜ್ಜಾರನ್ನ ಒಂದು ಮಾತು ಕೇಳಿದ್ರು, ನಾ ಬಾಜೂಕ ಕುಂತಿದ್ದೆ. ಒಂದ ಸಲ ಕೇಳಸ್ರಿ, ಹೋಗತೀನಿ."

ಚನ್ನವೀರ ಉತ್ಸಾಹದಿಂದ ಕೀಲಿಗೆ ಕೈ ಹಾಕಿದ. "ಅದಕ್ಕ ಅಜ್ಜಾರು ಏನಂದ್ರು, ಅದನ್ನ ಹೇಳು. ಈಗ ಹುಡುಕತೀನಿ."

"ಏನೂ ಅನ್ನಲಿಲ್ರಿ. ಭಾಳೊತ್ತು ಸುಮ್ಮನ ಕುಂತ್ರು. ಆಮ್ಯಾಲೆ ನಕ್ಕರು."

ಚನ್ನವೀರ ಅವಳ ಮುಖ ನೋಡಿದ. 'ಮಗ್ಗ' ಎಂದು ಹುಡುಕಿದ. 'ಎಳೆ' ಎಂದು ಹುಡುಕಿದ. ಬೇಕಾದಷ್ಟು ಬಂತು. ನೀಲವ್ವ ತಲೆ ವಾಲಿಸಿ ಒಂದೊಂದನ್ನೂ ಕೇಳಿದಳು.

"ಇದು ಅಜ್ಜಾರ ಧ್ವನಿ ರಿ, ನಮ್ಮವರದಲ್ಲ," ಅಂದಳು ಪ್ರತಿ ಸಲವೂ.

"ಯಾವತ್ತು ಬಂದಿದ್ರಿ? ನೆನಪೈತೇನು?"

"ಹೊಳಿ ತುಂಬಿತ್ರಿ. ದೋಣಿ ಬಿಡಲಿಲ್ಲ, ಇಲ್ಲೇ ಉಳದ್ವಿ."

ದೋಣಿ ನಿಂತ ಆ ಸಂಜೆ ಚನ್ನವೀರನಿಗೂ ನೆನಪಿತ್ತು. ಅವತ್ತಿನ ಮುದ್ರಣವನ್ನು ತೆಗೆದ. ಬಹಳ ಚಿಕ್ಕದಿತ್ತು. ಹಚ್ಚಿದ.

"ಊಟಕ್ಕ ಏಳ್ರಿ," ಅಂದಿತು ಅಜ್ಜನ ಧ್ವನಿ. ಅಷ್ಟಕ್ಕೇ ಮುಗಿಯಿತು.

ಶಾಲೆಯಲ್ಲಿದ್ದ ಪ್ರತಿಯನ್ನು ತರಿಸಿ ಹಚ್ಚಿದ. "ಊಟಕ್ಕ ಏಳ್ರಿ." ದೂರದ ಯಂತ್ರದಿಂದ ತರಿಸಿದ. ಅದೂ ತಡಮಾಡಿ ಬಂದು, ಸ್ಪಷ್ಟವಾಗಿ, ಊಟಕ್ಕೆ ಏಳಲು ಹೇಳಿತು.

"ಅದರ ಮೊದಲ ರಿ," ನೀಲವ್ವ ಮುಂದೆ ಬಾಗಿ ಅಂದಳು. "ಊಟಕ್ಕ ಏಳೂ ಮೊದಲ ಅವರು ಕೇಳಿದ್ದು. ಮಗ್ಗದ ಧೂಳು ಕುಡದು ಕುಡದು ಅವರಿಗೆ ಕೆಮ್ಮು. ಮಾತಿಗೆ ಮೊದಲ ಒಮ್ಮೆ ಕೆಮ್ಮತಿದ್ರು. ಆ ಕೆಮ್ಮು ಸಿಕ್ಕರ ಮಾತೂ ಸಿಗತೈತ್ರಿ."

ಆ ಕೆಮ್ಮು ಎಲ್ಲಿ ಹೋಯಿತೆಂದು ಚನ್ನವೀರನಿಗೆ ಗೊತ್ತಿತ್ತು. ಕೀಲಿಯಿಂದ ಕೈ ತೆಗೆದ.

"ಸಿಗಂಗಿಲ್ಲ ಯವ್ವಾ. ನಾನ ತಗದು ಒಗದೇನಿ."

ಅವಳು ಬೈಯಲಿಲ್ಲ. ಸೆರಗಿನ ತುದಿಯನ್ನು ಮಡಚುತ್ತಾ ಕೂತಳು. "ಹೋಗಲಿ ಬಿಡ್ರಿ. ನಿಮಗ ಏನ ಗೊತ್ತು, ನಾ ಬರತೀನಂತ," ಅಂದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಅಜ್ಜ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಚನ್ನವೀರ ಹೋಗಿ ಎದುರು ನಿಂತ.

"ಏನೂ ಕಳ್ಯಂಗಿಲ್ಲ ಅಂದಿದ್ದೆ ರಿ ಅಜ್ಜಾರ."

"ಕಳದಿಲ್ಲಲ್ಲ. ಇಲ್ಲದ್ದನ್ನ ಮೂರು ಕಡೆ ಜ್ವಾಪಾನ ಮಾಡೀದಿ."

"ನಾ ಹೊಟ್ಟು ಅನ್ಕೊಂಡೆ ರಿ."

"ಹೊಟ್ಟು ಬ್ಯಾಡಂತ ಎತ್ತು ಹೇಳಿತ್ತೇನು?"

ಅಜ್ಜ ನೀಲವ್ವನನ್ನು ಕೂಗಿದರು. ಅವಳು ಬಂದು ಕಟ್ಟೆಯ ಕೆಳಗೆ ಕೂತಳು. ರೆಕಾರ್ಡರ್ ತಾ ಎಂದು ಅಜ್ಜ ಶಿಷ್ಯನಿಗೆ ಸನ್ನೆ ಮಾಡಿದರು.

"ಯವ್ವಾ, ಈರಪ್ಪ ಅವತ್ತ ಏನ ಕೇಳಿದ್ದ? ಇವತ್ತ ನೀ ಕೇಳು. ಅವ ಕೇಳಿದಂಗ ಕೇಳಬೇಕು ಮತ್ತ."

"ನನಗ ಬರಂಗಿಲ್ರಿ," ಅಂದಳು ನೀಲವ್ವ. ನಾಚಿಕೆಗೆ ತಲೆ ತಗ್ಗಿಸಿದಳು.

"ಅವನ ಜೋಡಿ ಬಾಳೆ ಮಾಡಿದಾಕಿ ನೀನ ಅಲ್ಲೇನು?"

ಅವಳು ಹೊಳೆಯ ಕಡೆ ತಿರುಗಿದಳು. ಆಮೇಲೆ ಕೆಮ್ಮಿದಳು. ಅದು ಹೆಂಗಸಿನ ಕೆಮ್ಮಲ್ಲ. ಆಳದಿಂದ ಎದ್ದು, ನಡುವೆ ಒಮ್ಮೆ ಸಿಕ್ಕಿಕೊಂಡು, ಗಂಟಲಿನಲ್ಲಿ ಮುಗಿಯಿತು. ಚನ್ನವೀರನಿಗೆ ಗುರುತು ಹತ್ತಿತು. ಇದನ್ನು ಅವನು ಸ್ವಚ್ಛ ಮಾಡುವಾಗ ಎರಡೆರಡು ಸಲ ಕೇಳಿ, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ನೋಡಿದ್ದ.

"ಅಜ್ಜಾರ," ಅಂದಳು ನೀಲವ್ವ, "ನೇಯೂವಾಗ ಎಳಿ ಹರೀತೈತ್ರಿ. ಗಂಟು ಹಾಕತೀನಿ. ಸೀರಿ ಉಟ್ಟಾಕಿಗೆ ಗಂಟು ಕಾಣಂಗಿಲ್ಲ, ಹೊಸಾ ಸೀರಿ ಅಂತ ಉಟ್ಟಿರತಾಳ. ಇದು ಮೋಸ ಆತೇನ್ರಿ?"

ಅಜ್ಜ ಸುಮ್ಮನೆ ಕೂತರು. ಬಹಳ ಹೊತ್ತು ಕೂತರು. ಎಮ್ಮೆಗಳು ಗಂಟೆ ಅಲ್ಲಾಡಿಸುತ್ತಾ ನೀರಿಗೆ ಇಳಿದವು. ಚನ್ನವೀರ ಅಭ್ಯಾಸಬಲದಿಂದ ರೆಕಾರ್ಡರ್ ನಿಲ್ಲಿಸಲು ಹೋದವನು ಕೈ ಹಿಂದೆ ತೆಗೆದ.

ಅಜ್ಜ ನಕ್ಕರು.

ನೀಲವ್ವನೂ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹಿಂಗ ನಕ್ಕಿದ್ರಿ, ಅಜ್ಜಾರ. ಥೇಟ್ ಹಿಂಗ," ಎಂದು ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಚನ್ನವೀರ ಆ ಮುದ್ರಣವನ್ನು ಅವಳಿಗೆ ಕೇಳಿಸಿದ. ಮಾತು ಅವಳದೇ ಇತ್ತು. ಕೆಮ್ಮು ಮಾತ್ರ ಈರಪ್ಪನದು. ಅವಳು ಕೆಮ್ಮನ್ನು ಇನ್ನೊಮ್ಮೆ ಹಚ್ಚಲು ಹೇಳಿದಳು, ಮತ್ತೊಮ್ಮೆ ಹೇಳಿದಳು. ಆಮೇಲೆ ದೋಣಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಚನ್ನವೀರ ಕಂಪ್ಯೂಟರಿನ ಮುಂದೆ ಕೂತ. ಒಂದನ್ನೂ ಕತ್ತರಿಸಲಿಲ್ಲ. ಮೂರು ಕಡೆಗೂ ಕಳಿಸುವ ಮೊದಲು ಯಂತ್ರ ಹೆಸರು ಕೇಳಿತು. ಅವನು ಯಾವಾಗಲೂ ಅಜ್ಜನ ಹೆಸರು ಹಾಕಿ, ಪಕ್ಕದಲ್ಲಿ ಅಜ್ಜನ ಮಾತಿನ ವಿಷಯ ಬರೆಯುತ್ತಿದ್ದ. ಈಗ ಕೈ ಓಡಲಿಲ್ಲ. ಎದ್ದು ಹೊರಗೆ ಬಂದ.

"ಅಜ್ಜಾರ, ಇದರಾಗ ನಿಮ್ಮ ಮಾತು ಒಂದೂ ಇಲ್ರಿ. ಏನಂತ ಹೆಸರಿಡಲಿ? ನಾಳೆ ಹುಡುಕಿದ್ರ ಸಿಗಬೇಕಲ್ರಿ."

ದೋಣಿ ಆಚೆಯ ದಂಡೆ ಮುಟ್ಟುತ್ತಿತ್ತು. ಅಜ್ಜ ಅದನ್ನೇ ನೋಡುತ್ತಿದ್ದರು.

"ನನ್ನ ಹೆಸರಿಡಬ್ಯಾಡ. ನಾ ಹುಡುಕ್ಕೋತ ಬರಂಗಿಲ್ಲ. ಬರೂವಾಕಿ ಹೆಸರಿಡು."